ಸಾರಿದವರು ಯಾರು, ಕೊಂಡಾಡಿದವರು ಯಾರು?

ಪ್ರತಿ ವರ್ಷ ಪರೀಕ್ಷೆಗಳಿಗೆ ಮುಂಚೆ ಕಾಲೇಜುಗಳ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಊರಿನ ಬಗ್ಗೆ ವಿದ್ಯಾರ್ಥಿಗಳು ಬರೆದ ಲೇಖನ ಅದರಲ್ಲಿ ಒಂದಾದರೂ ಇರುತ್ತದೆ. ಅದರ ಮೊದಲ ವಾಕ್ಯ ಹಾಳೆ ತಿರುವುವ ಮೊದಲೇ ನನಗೆ ಗೊತ್ತಿರುತ್ತದೆ: ‘ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಕರೆಯಲ್ಪಡುವ ದಾವಣಗೆರೆ’. ಬರೆದವರು ಹರಿಹರದವರಾದರೆ ‘ದಕ್ಷಿಣ ಕಾಶಿ ಎಂದೇ ಖ್ಯಾತಿ ಪಡೆದ ಹರಿಹರ’. ಕಳೆದ ಸಲ ಹೀಗೆ ಬರೆದ ಹುಡುಗಿಯನ್ನು ಕರೆದು ಕೇಳಿದೆ: ‘ಹಂಗೆ ಕರೆಯೋರು ಯಾರಮ್ಮ?’ ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಎಲ್ಲಾ ಕಡೆ ಹಂಗೇ ಬರ್ದಿರ್ತಾರಲ್ಲ ಸರ್’ ಅಂದಳು. ‘ನಿಮ್ಮ ಮನೇಲಿ ಯಾರಾದ್ರೂ ಅಂತಾರಾ?’ ‘ಇಲ್ಲ ಸರ್. ನಮ್ಮಜ್ಜ ಮಿಲ್ಲಿನಾಗೇ ಕೆಲಸಕ್ಕಿದ್ರು. ಅವ್ರು ಬರೀ ಮಿಲ್ಲು ಅಂತಾರೆ.’

ಆ ಅಜ್ಜ ದುಡಿದ ಗಿರಣಿ ಈಗಿಲ್ಲ. ದಾವಣಗೆರೆ ಕಾಟನ್ ಮಿಲ್ಲು, ಗಣೇಶರ್ ಮಿಲ್ಲು, ಶಂಕರ ಮಿಲ್ಲು, ಚಂದ್ರೋದಯ ಮಿಲ್ಲು ಒಂದೊಂದಾಗಿ ನಿಂತುಹೋದವು. ಡಿಸಿಎಂ ಟೌನ್‌ಶಿಪ್ ಎಂದು ಬಡಾವಣೆಯ ಹೆಸರು ಉಳಿದಿದೆ, ಪಾಳಿ ಬದಲಿಸುವ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಮನೆಗಳು ಉಳಿದಿವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲೇ ಹತ್ತಿ ಗಿರಣಿಗಳ ಕಾಲ ಮುಗಿದು ದಶಕಗಳಾದವು. ಆದರೂ ವಾಕ್ಯ ಮಾತ್ರ ವರ್ತಮಾನ ಕಾಲದಲ್ಲೇ ನಡೆಯುತ್ತಿದೆ: ‘ಕರೆಯಲ್ಪಡುವ’. ಕರೆಯುವ ಬಾಯಿ ಯಾವುದೆಂದು ಹೇಳದಿರುವುದರಿಂದಲೇ ಈ ವಾಕ್ಯಕ್ಕೆ ಇಷ್ಟು ಆಯುಸ್ಸು. ಬಾಯಿ ಇದ್ದಿದ್ದರೆ ಗಿರಣಿ ನಿಂತ ದಿನ ಅದೂ ಸುಮ್ಮನಾಗುತ್ತಿತ್ತು.

ಈ ವಾಕ್ಯದ ತಾಯಿಬೇರು ಇಂಗ್ಲಿಷಿನಲ್ಲಿದೆ. ಅಲ್ಲಿ ‘ಹೇಲ್ಡ್ ಆ್ಯಸ್’ ಎಂಬ ಪ್ರಯೋಗ ಪತ್ರಿಕೆಯವರಿಗೆ ಬಹಳ ಪ್ರಿಯ. ಹೇಲ್ ಎಂದರೆ ಜಯಕಾರ ಹಾಕಿ ಬರಮಾಡಿಕೊಳ್ಳುವುದು. ನಾಲ್ಕೇ ಅಕ್ಷರದ ಪದವಾದ್ದರಿಂದ ಇಕ್ಕಟ್ಟಿನ ತಲೆಬರಹದಲ್ಲಿ ಸುಲಭವಾಗಿ ಕೂರುತ್ತದೆ. ಕರ್ಮಣಿಗೆ ತಿರುಗಿಸಿದರೆ ಇನ್ನೂ ಅನುಕೂಲ, ಹೊಗಳಿದವರ ಹೆಸರನ್ನೇ ಬಿಟ್ಟುಬಿಡಬಹುದು. ಇಂಥದನ್ನು ಹೀಗೆಂದು ಕೊಂಡಾಡಲಾಗುತ್ತದೆ ಎಂದರೆ ಮುಗಿಯಿತು. ಯಾರು, ಎಲ್ಲಿ, ಯಾವಾಗ ಎಂದು ಓದುಗ ಕೇಳುವುದಿಲ್ಲ. ಏಜೆನ್ಸಿಯ ಸುದ್ದಿಯನ್ನು ರಾತ್ರಿ ಪಾಳಿಯಲ್ಲಿ ಅವಸರವಾಗಿ ಕನ್ನಡಿಸುವಾಗ ಈ ಕಟ್ಟು ಹಾಗೇ ನಮ್ಮೊಳಗೆ ಬಂತು. ಅಲ್ಲಿಂದ ಪಠ್ಯಪುಸ್ತಕಕ್ಕೆ, ಭಾಷಣಕ್ಕೆ, ಆ ಹುಡುಗಿಯ ನೋಟ್‌ಬುಕ್ಕಿಗೆ ಇಳಿಯಿತು.

ಇಂಗ್ಲಿಷನ್ನು ದೂರುವುದು ನನ್ನ ಉದ್ದೇಶವಲ್ಲ. ಬದುಕಿನ ಬಹುಪಾಲು ಆ ಭಾಷೆಯನ್ನು ಪಾಠ ಮಾಡಿ ಅನ್ನ ತಿಂದವನು ನಾನು. ಸಾರುವುದಕ್ಕೂ ಹೊಗಳುವುದಕ್ಕೂ ಆ ಭಾಷೆ ಕಟ್ಟಿಕೊಂಡಿರುವ ಕ್ರಿಯಾಪದಗಳ ಸಂಸಾರ ದೊಡ್ಡದು, ಒಂದೊಂದರ ಕುಲವೂ ಬೇರೆ. ಅನೌನ್ಸ್ ಎಂಬುದರ ಒಳಗೆ ಸುದ್ದಿ ಹೊತ್ತು ತರುವ ದೂತನಿದ್ದಾನೆ. ಲ್ಯಾಟಿನ್ನಿನಲ್ಲಿ ನುಂಟಿಯಸ್ ಎಂದರೆ ದೂತ. ಪ್ರೊಕ್ಲೇಮ್, ಅಕ್ಲೇಮ್ ಎರಡರಲ್ಲೂ ಇರುವುದು ಕೂಗು. ಒಂದು ಜನರ ಮುಂದೆ ನಿಂತು ಕೂಗುವುದು, ಇನ್ನೊಂದು ಜನರೇ ಒಬ್ಬನ ಕಡೆ ತಿರುಗಿ ಕೂಗುವುದು. ಡಿಕ್ಲೇರ್ ಎಂದರೆ ನಿಚ್ಚಳ ಮಾಡುವುದು. ಹೆರಾಲ್ಡ್ ಎಂಬವನು ರಾಜರ ಯುದ್ಧ, ಪಂದ್ಯಗಳಲ್ಲಿ ಒಡೆಯನ ಮಾತನ್ನು ಮುಂದಾಗಿ ಹೋಗಿ ತಿಳಿಸುತ್ತಿದ್ದ ಅಧಿಕಾರಿ. ಆ ಪದ ಕ್ರಿಯೆಯಾದ ಮೇಲೆ ಅದಕ್ಕೆ ಕರ್ತೃವಾಗಿ ಮನುಷ್ಯನಿಗಿಂತ ಹೆಚ್ಚಾಗಿ ಮೋಡ, ಕೋಗಿಲೆ, ಚುನಾವಣೆ ಇಂಥವೇ ಬರುತ್ತವೆ. ಹೀಗೆ ಪ್ರತಿಯೊಂದು ಪದಕ್ಕೂ ಹೇಳುವವನು ಎಲ್ಲಿ ನಿಂತಿದ್ದಾನೆ, ಕೇಳುವವರು ಎಲ್ಲಿದ್ದಾರೆ ಎಂಬುದರ ಲೆಕ್ಕವಿದೆ. ಆ ಲೆಕ್ಕವನ್ನು ನಾವು ತರಲಿಲ್ಲ, ಕರ್ತೃವನ್ನು ಅಡಗಿಸುವ ಅಭ್ಯಾಸವನ್ನು ಮಾತ್ರ ತಂದುಕೊಂಡೆವು. ನನ್ನ ತಕರಾರು ಇರುವುದು ಇಷ್ಟಕ್ಕೆ.

ಹೇಲ್ ಎಂಬ ಪದದ ಹುಟ್ಟು ನೋಡಿದರೆ ನಮ್ಮದೇ ಒಂದು ಪದ ನೆನಪಾಗುತ್ತದೆ. ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಆರೋಗ್ಯ, ಇಡಿಯಾಗಿರುವುದು ಎಂದು ಅರ್ಥ. ಇಂಗ್ಲಿಷಿನ ಹೆಲ್ತ್, ಹೋಲ್ ಪದಗಳು ಅದರ ಒಡಹುಟ್ಟುಗಳು. ಎದುರಿಗೆ ಬಂದವನಿಗೆ ‘ನೆಟ್ಟಗಿರು’ ಎಂದು ಹಾರೈಸುತ್ತಿದ್ದುದೇ ಮುಂದೆ ಹೊಗಳಿಕೆಯಾಯಿತು. ನಮ್ಮ ಶಾಸನಗಳ ಮೊದಲ ಪದ ‘ಸ್ವಸ್ತಿ’. ಸು ಮತ್ತು ಅಸ್ತಿ, ಒಳ್ಳೆಯದಿರಲಿ. ಫ್ಲೀಟ್ ಅವರಂಥ ವಿದ್ವಾಂಸರು ಕನ್ನಡ ಶಾಸನಗಳನ್ನು ಇಂಗ್ಲಿಷಿಗೆ ತಂದಾಗ ಈ ಸ್ವಸ್ತಿಗೆ ಹೇಲ್ ಎಂದೇ ಬರೆದರು. ಸಾವಿರಾರು ಮೈಲಿ ದೂರದ ಎರಡು ನುಡಿಗಳು ಹಾರೈಕೆಯಲ್ಲಿ ಹೀಗೆ ಕೈ ಕುಲುಕಿದ್ದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಹರಿಹರಕ್ಕೆ ಹೋದರೆ ಆ ಸ್ವಸ್ತಿಯ ಮುಂದೆ ಏನು ಬರುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಹರಿಹರೇಶ್ವರ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವ ಕಟ್ಟಿಸಿದ್ದು 1223-24ರಲ್ಲಿ. 1268ರಲ್ಲಿ, ಮುಮ್ಮಡಿ ನರಸಿಂಹನ ಕಾಲದಲ್ಲಿ, ಸೋಮನಾಥಪುರ ಕಟ್ಟಿಸಿದ ಸೋಮ ದಂಡನಾಯಕ ಇದಕ್ಕೆ ಇನ್ನಷ್ಟು ಸೇರಿಸಿದ. ಇವೆಲ್ಲ ನಮಗೆ ಗೊತ್ತಿರುವುದು ಗುಡಿಯ ಆವರಣದ ಶಾಸನಗಳಿಂದ. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಆಗ ಅದರ ಒಂದು ತಾಲ್ಲೂಕು, ಹರಿಹರ ಆ ತಾಲ್ಲೂಕಿನೊಳಗೆ. ಸಂಪುಟ ತೆರೆದರೆ ಹರಿಹರದ ಕಲ್ಲುಗಳು ಸಾಲಾಗಿ ಸಿಗುತ್ತವೆ.

ದಾನಶಾಸನ ಎಂಬುದು ಎಂಥ ಸಾರುವಿಕೆ ಎಂದು ಒಂದು ಗಳಿಗೆ ನಿಂತು ಯೋಚಿಸಬೇಕು. ಮೊದಲು ಹಾರೈಕೆ, ಆಮೇಲೆ ರಾಜನ ಬಿರುದುಗಳು. ಬಿರುದುಗಳಲ್ಲಿ ಉತ್ಪ್ರೇಕ್ಷೆ ಇದೆ. ಹೊಗಳಿಕೆ ಅಲ್ಲಿ ಹೊಳೆಯಾಗಿ ಹರಿಯುತ್ತದೆ. ಆದರೆ ಹೊಗಳಿಕೆ ಮುಗಿದ ಕೂಡಲೇ ವ್ಯವಹಾರ ಶುರುವಾಗುತ್ತದೆ: ಶಕವರ್ಷ, ಸಂವತ್ಸರ, ತಿಥಿ, ವಾರ, ಕೊಟ್ಟವನು ಯಾರು, ಪಡೆದವನು ಯಾರು, ಕೊಟ್ಟದ್ದು ಎಷ್ಟು, ಅದರ ನಾಲ್ಕೂ ಎಲ್ಲೆ ಯಾವುದು. ಕೊನೆಗೆ ಕೆಡಿಸಿದವನಿಗೆ ಶಾಪ. ಎಷ್ಟೋ ಕಲ್ಲುಗಳಲ್ಲಿ ಬರೆದ ಕವಿಯ ಹೆಸರೂ ಕೊರೆದ ಕೈಯ ಹೆಸರೂ ಇರುತ್ತವೆ. ಸುಳ್ಳಾದರೆ ಯಾರನ್ನು ಹಿಡಿಯಬೇಕೆಂಬುದು ಕಲ್ಲಿನಲ್ಲೇ ಇದೆ. ಉತ್ಪ್ರೇಕ್ಷೆಗೆ ನಾನು ಹೆದರುವುದಿಲ್ಲ. ಒಡೆಯನಿಲ್ಲದ ಹೊಗಳಿಕೆ ಬಂದಾಗ ಅಳುಕುತ್ತೇನೆ.

ಇದು ರಾಜರ ಕಲ್ಲಿನ ಮಾತಾಯಿತು. ಜನರ ಬಾಯಲ್ಲಿದ್ದದ್ದು ‘ಸಾರು’. ತಮಿಳಿನ ಸಾಱ್ಱು, ತೆಲುಗಿನ ಚಾಟು ಇದರ ದಾಯಾದಿಗಳು. ಮೂರೂ ಕಡೆ ಅರ್ಥ ಒಂದೇ, ಊರಿಗೆಲ್ಲ ಕೇಳುವಂತೆ ಹೇಳುವುದು. ದಾವಣಗೆರೆಯಲ್ಲಿ ಈ ಪದ ಇನ್ನೂ ಜೀವಂತ. ಎರಡು ವರ್ಷಕ್ಕೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಗೆ ಮುಂಚೆ ‘ಸಾರು ಹಾಕುತ್ತಾರೆ’. ಸಾರು ಹಾಕಿದ ಮೇಲೆ ಹಳೇ ದಾವಣಗೆರೆಯ ಮನೆಗಳ ನಡೆ ಬೇರೆಯಾಗುತ್ತದೆ, ಕೆಲವು ಕಟ್ಟುಪಾಡುಗಳು ಶುರುವಾಗುತ್ತವೆ, ಹೆಣ್ಣುಮಕ್ಕಳನ್ನು ಕರೆಯುವ ಲೆಕ್ಕಾಚಾರ ಆರಂಭವಾಗುತ್ತದೆ. ಸಾರುವುದು ಅಂದರೆ ಸುದ್ದಿ ಕೊಡುವುದಷ್ಟೇ ಅಲ್ಲ, ಊರನ್ನು ಒಂದು ಕಟ್ಟಿಗೆ ಒಳಪಡಿಸುವುದು. ಇಂಥ ಬಲ ಬರುವುದು ಯಾರು ಸಾರಿದರು ಎಂಬುದು ಗೊತ್ತಿರುವುದರಿಂದ. ಹಳ್ಳಿಯಲ್ಲಿ ಡಂಗುರ ಹೊಡೆಯುವವನು ‘ಕೇಳ್ರಪ್ಪೋ ಕೇಳ್ರಿ’ ಎಂದಾದ ಮೇಲೆ ಮೊದಲು ಹೇಳುತ್ತಿದ್ದದ್ದು ಅಪ್ಪಣೆ ಯಾರದು ಎಂದೇ: ಗೌಡರದೋ, ಊರ ದೈವದ್ದೋ, ಅಮಲ್ದಾರರದೋ.

ಇಲ್ಲಿ ಒಂದು ನೋವಿನ ಮಾತನ್ನು ಬಿಟ್ಟುಹೋಗಲಾರೆ. ಹಲಗೆ ಬಡಿದು ಸಾರುವ ಕೆಲಸ ಊರ ಹೊರಗಿನ ಕೇರಿಯವರ ಹೆಗಲ ಮೇಲೆ ಬಿದ್ದಿತ್ತು. ಅಪ್ಪಣೆ ಒಬ್ಬರದು, ಗಂಟಲು ಇನ್ನೊಬ್ಬರದು. ಅವರ ಸ್ವಂತ ಮಾತನ್ನು ಸಾರಲು ಆ ಹಲಗೆಗೆ ಅವಕಾಶವಿರಲಿಲ್ಲ. ಇನ್ನು ಬಡಿಯುವುದಿಲ್ಲ ಎಂದು ದಲಿತ ಯುವಕರು ಹಲಗೆ ಕೆಳಗಿಟ್ಟದ್ದು, ಆಮೇಲೆ ಅದೇ ಹಲಗೆ ತಮಟೆಗಳನ್ನು ತಮ್ಮ ಹೋರಾಟದ ಮೆರವಣಿಗೆಯಲ್ಲಿ ಎತ್ತಿಕೊಂಡದ್ದು, ಈ ನಾಡಿನ ಭಾಷೆಯ ಚರಿತ್ರೆಯಲ್ಲೂ ದೊಡ್ಡ ಘಟನೆ. ಯಾರ ಬಾಯಿ, ಯಾರ ಮಾತು ಎಂಬ ಪ್ರಶ್ನೆ ವ್ಯಾಕರಣದ ಪುಸ್ತಕದಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ನಾನು ಕಲಿತದ್ದು ಇಲ್ಲಿಂದ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ಪಾಠ ಹೇಳುವ ಕೆಲಸಕ್ಕೆ ಸೇರುವ ಮುಂಚೆ ಕೆಲವು ಕಾಲ ಪತ್ರಿಕೆಯೊಂದರಲ್ಲಿ ಇಂಗ್ಲಿಷ್ ಸುದ್ದಿ ಕನ್ನಡಿಸುತ್ತಿದ್ದೆ. ಒಬ್ಬ ಮಂತ್ರಿ ಕಾಲುವೆ ಕೆಲಸವೊಂದನ್ನು ರೈತರಿಗೆ ಸಿಕ್ಕ ವರ ಎಂದು ಹೊಗಳಿದ ಸುದ್ದಿ ಬಂತು. ಮೂಲದಲ್ಲಿ ಇದ್ದದ್ದು ಹೇಲ್ಡ್. ಅವಸರದಲ್ಲಿ ನಾನು ‘ಘೋಷಿಸಿದರು’ ಎಂದು ಬರೆದೆ. ಆಗಿದ್ದದ್ದು ಹಳೇ ಕೆಲಸದ ಹೊಗಳಿಕೆ, ಅಚ್ಚಾದದ್ದು ಹೊಸ ಕೆಲಸದ ಭರವಸೆ. ಎರಡು ದಿನ ಬಿಟ್ಟು ಮಲೇಬೆನ್ನೂರು ಕಡೆಯ ಇಬ್ಬರು ರೈತರು ಪತ್ರಿಕೆಯ ಆ ಪುಟ ಮಡಚಿಕೊಂಡು ಬಂದು, ‘ಯಾವ ನಾಲೆಗ್ರಿ ಇದು, ನಮ್ಮ ಕಡೆಗೂ ಬರ್ತತಾ?’ ಎಂದು ಕೇಳಿದರು. ಭದ್ರಾ ನಾಲೆಯ ಕೊನೆ ಭಾಗದವರು ಅವರು. ನೀರು ಬಿಟ್ಟರೂ ತಮ್ಮ ಗದ್ದೆಗೆ ಬರುವ ಹೊತ್ತಿಗೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಭತ್ತ ಬೆಳೆಯುವವರು. ಒಂದು ಕ್ರಿಯಾಪದ ತಪ್ಪಿದ್ದಕ್ಕೆ ಅವರ ಒಂದು ದಿನದ ಕೂಲಿ, ಬಸ್ ಚಾರ್ಜು, ಮೇಲೆ ಒಂದು ಆಸೆ ಹಾಳಾಯಿತು. ತಿದ್ದುಪಡಿ ಹಾಕಿಸಲು ನನಗೆ ಆಗಲಿಲ್ಲ. ಅವರ ಮುಖ ಇವತ್ತಿಗೂ ಮರೆತಿಲ್ಲ.

‘ಘೋಷಣೆ’ ಎಂಬ ಪದವನ್ನು ನಾವು ಸವೆಸಿರುವಷ್ಟು ಬೇರೆ ಯಾವುದನ್ನೂ ಸವೆಸಿಲ್ಲ. ಘೋಷ ಎಂದರೆ ದೊಡ್ಡ ಸದ್ದು. ಕನ್ನಡದಲ್ಲಿ ಇದಕ್ಕೆ ಎರಡು ಬಾಳು. ವಿಧಾನಸೌಧದಲ್ಲಿ ಮಂತ್ರಿ ‘ಘೋಷಣೆ ಮಾಡುತ್ತಾರೆ’, ಜಯದೇವ ವೃತ್ತದಲ್ಲಿ ಕೂಲಿಕಾರರು ‘ಘೋಷಣೆ ಕೂಗುತ್ತಾರೆ’. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ. ಅವರ ಸ್ಲೋಗನ್ ಎಂಬುದು ಸ್ಕಾಟ್ಲೆಂಡಿನ ಗೇಲಿಕ್ ನುಡಿಯ ದಂಡಿನ ಕೂಗಿನಿಂದ ಬಂದದ್ದು. ನಾವು ಒಂದೇ ಪದವನ್ನು ಇಟ್ಟುಕೊಂಡು ‘ಮಾಡು’, ‘ಕೂಗು’ ಎಂಬ ಸಹಾಯದಿಂದ ಬೇರೆ ಮಾಡಿಕೊಂಡೆವು. ಗಿರಣಿ ಕಾರ್ಮಿಕರ ನಡುವಿನಿಂದ ಬಂದು ಕಮ್ಯುನಿಸ್ಟ್ ಪಕ್ಷದಿಂದ ಈ ಊರಿನ ಶಾಸಕರಾದ ಪಂಪಾಪತಿಯವರ ಕಾಲದಲ್ಲಿ ಘೋಷಣೆ ಎಂದರೆ ದಾವಣಗೆರೆಗೆ ಮೊದಲು ನೆನಪಾಗುತ್ತಿದ್ದದ್ದು ಎರಡನೆಯ ಅರ್ಥ: ಬೀದಿಯದು, ಗಂಟಲಿನದು. ಈಗ ಮೊದಲಿನದೇ ಪತ್ರಿಕೆ ತುಂಬ ಹಬ್ಬಿದೆ. ಬಜೆಟ್ಟಿನ ಮರುದಿನ ‘ಜಿಲ್ಲೆಗೆ ಭರಪೂರ ಘೋಷಣೆ’ ಎಂದು ಬರೆಯುತ್ತಾರೆ. ಘೋಷಣೆಯೇ ಒಂದು ವಸ್ತುವಾಗಿ, ಅದೇ ಊರಿಗೆ ಸಿಕ್ಕ ಸೌಲಭ್ಯ ಎಂಬಂತೆ ಓದಿಸಿಕೊಳ್ಳುತ್ತದೆ.

ಮಾಡುವ ಮಾತಿಗೂ ಆಗುವ ಕೆಲಸಕ್ಕೂ ನಡುವಿನ ದೂರ ಈ ಪದದಲ್ಲಿ ಕಾಣಿಸುವುದಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ಅಲ್ಲಿ ಹೇಳಿದ್ದೂ ಆದದ್ದೂ ಒಂದೇ. 2016ರ ಜನವರಿ 28ರಂದು ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂತು. ಅದು ಆಯ್ಕೆ, ಕೆಲಸದ ಆರಂಭಕ್ಕೂ ಮುಂಚಿನ ಹೆಜ್ಜೆ. ವಿಶ್ವ ಕನ್ನಡ ಸಮ್ಮೇಳನ 1985ರಲ್ಲಿ ಮೈಸೂರಿನಲ್ಲಿ, 2011ರಲ್ಲಿ ಬೆಳಗಾವಿಯಲ್ಲಿ ನಡೆಯಿತು. ಮುಂದಿನದು ದಾವಣಗೆರೆಯಲ್ಲಿ ಎಂಬ ಮಾತು ಬಂದಾಗ ಊರು ಹಿಗ್ಗಿತು. ಮಾತಿನ ಬೆನ್ನಿಗೇ ಸಮ್ಮೇಳನ ಬರಲಿಲ್ಲ. ಮೂರಕ್ಕೂ ಪತ್ರಿಕೆಗಳಲ್ಲಿ ಬಿದ್ದ ಪದ ಒಂದೇ, ‘ಘೋಷಣೆ’. ಒಂದು ಆದದ್ದು, ಒಂದು ಆರಿಸಿದ್ದು, ಒಂದು ಆಸೆ ಹುಟ್ಟಿಸಿದ್ದು. ಮೂರು ಪದ ಬೇಕಾದ ಕಡೆ ಒಂದನ್ನೇ ಬಳಸಿದರೆ ಓದುಗನಿಗೆ ತೂಗಿ ನೋಡಲು ತಕ್ಕಡಿಯೇ ಇಲ್ಲದಂತಾಗುತ್ತದೆ.

ಜಿಲ್ಲೆ ಮಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಮೂವತ್ತು ವರ್ಷ ಮುಂಚೆ, 1967ರಲ್ಲಿ, ಲೋಕಸಭೆಯಲ್ಲಿ ಅವರು ಕನ್ನಡದಲ್ಲಿ ಮಾತಾಡಿದರು. ಈ ಘಟನೆಯನ್ನು ‘ಸಂಸತ್ತಿನಲ್ಲಿ ಕನ್ನಡದ ಕಹಳೆ ಮೊಳಗಿಸಿದರು’ ಎಂದು ಬರೆಯುವುದು ರೂಢಿ. ನನಗೆ ಆ ಕಹಳೆ ಬೇಡ. ‘ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು’ ಎಂಬ ವಾಕ್ಯದ ಮುಂದೆ ಯಾವ ವಾದ್ಯವೂ ಸಣ್ಣದೇ.

ಬರೆಯುವವರು ಕಳೆದುಕೊಂಡ ವಿವೇಕ ಮಾತಾಡುವವರಲ್ಲಿ ಉಳಿದಿದೆ. ಇಂಗ್ಲಿಷ್ ಪದವನ್ನು ನೇರವಾಗಿ ಬಾಯಿಗೆ ತಂದುಕೊಂಡಾಗಲೂ ನಮ್ಮ ಜನ ಅದರ ಪಾಡು ತಿಳಿದೇ ಬಳಸುತ್ತಾರೆ. ರೈಲು ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳಿದರೆ ‘ಅನೌನ್ಸ್ ಮಾಡಿದ್ರು’. ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರೆ ‘ರಜಾ ಡಿಕ್ಲೇರ್ ಮಾಡಿದ್ರು’. ಇದು ತಿರುಗುಮುರುಗಾಗುವುದು ಅಪರೂಪ. ಗಾಡಿ ತಡವಾದದ್ದು ಹೇಳಿದ್ದರಿಂದಲ್ಲ, ರಜೆ ಆದದ್ದು ಮಾತ್ರ ಹೇಳಿದ್ದರಿಂದಲೇ. ಕೆಲವು ಮಾತುಗಳು ಆಡಿದ ಕ್ಷಣಕ್ಕೇ ಕೆಲಸವಾಗುತ್ತವೆ, ಆಡುವ ಅಧಿಕಾರ ಇದ್ದವರು ಆಡಿದರೆ. ಚುನಾವಣೆಯಲ್ಲಿ ಗೆದ್ದವರು ಇವರು ಎಂದು ಘೋಷಿಸುವುದು ಚುನಾವಣಾಧಿಕಾರಿಯ ಕಾನೂನುಬದ್ಧ ಕೆಲಸ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ಕಲಮು ಇದೆ. ಟಿವಿಯವರು ಎಷ್ಟೇ ದೊಡ್ಡ ದನಿಯಲ್ಲಿ ಹೇಳಿದರೂ ಅದು ಸುದ್ದಿ ಮಾತ್ರ. ಗಿರಣಿ, ಕಾರ್ಖಾನೆಗಳ ಗೇಟಿಗೆ ಅಂಟಿಸುವ ‘ಲಾಕೌಟ್ ಘೋಷಿಸಲಾಗಿದೆ’ ಎಂಬ ಚೀಟಿ ನೋಡಿ. ನೂರಾರು ಮನೆಯ ಒಲೆ ಆರಿಸುವ ಕ್ರಿಯೆ ಅದು, ಅದರಲ್ಲೇ ಕರ್ತೃ ಇಲ್ಲ. ಯಾರು ಬೀಗ ಹಾಕಿದರು ಎಂಬುದನ್ನು ವ್ಯಾಕರಣವೇ ಮುಚ್ಚಿಟ್ಟಿದೆ.

ಒಂದು ಕಡೆ ಮಾತ್ರ ಕನ್ನಡ ಸೋಲಲಿಲ್ಲ. 1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ಆದದ್ದಕ್ಕೆ ಸಂವಿಧಾನದ 352ನೆಯ ವಿಧಿಯ ಇಂಗ್ಲಿಷ್ ಪದ ಪ್ರೊಕ್ಲಮೇಶನ್. ರಾಷ್ಟ್ರಪತಿ ಸಾರುವುದು ಎಂದರ್ಥ. ಕನ್ನಡಿಗರು ಅದನ್ನು ಹಾಗೆ ನೆನಪಿಟ್ಟುಕೊಂಡಿಲ್ಲ. ‘ತುರ್ತು ಪರಿಸ್ಥಿತಿ ಹೇರಿದರು’ ಎನ್ನುತ್ತಾರೆ. ಹೇರುವುದು ಎತ್ತಿನ ಬೆನ್ನ ಮೇಲೆ ಮೂಟೆಯನ್ನು. ಸಾರಿದವರ ಕಡೆಯಿಂದ ನೋಡದೆ ಹೊತ್ತವರ ಕಡೆಯಿಂದ ನೋಡಿದ ಪದ ಇದು. ಯಾವ ಅನುವಾದಕನೂ ಕುಳಿತು ಯೋಚಿಸಿ ಮಾಡಿದ್ದಲ್ಲ, ಅನುಭವವೇ ಆರಿಸಿಕೊಂಡದ್ದು.

ಕೊಂಡಾಡುವುದಕ್ಕೆ ಬಂದರೆ ಅಕ್ಲೇಮ್ ಎಂಬ ಪದದ ಬಗ್ಗೆ ಒಂದು ಮಾತು. ಕೆನಡಾದ ಇಂಗ್ಲಿಷಿನಲ್ಲಿ ಎದುರಾಳಿ ಇಲ್ಲದೆ ಗೆದ್ದ ಅಭ್ಯರ್ಥಿಯನ್ನು ‘ಅಕ್ಲೇಮ್ಡ್’ ಎನ್ನುತ್ತಾರೆ, ಅಂದರೆ ಜನರ ಜಯಕಾರದಿಂದ ಆರಿಸಿದವನು. ನಮ್ಮಲ್ಲಿ ಸಹಕಾರ ಸಂಘದ ಚುನಾವಣೆಯಲ್ಲಿ ಇದೇ ನಡೆದಾಗ ‘ಅವಿರೋಧ ಆಯ್ಕೆ’ ಎನ್ನುತ್ತೇವೆ. ವಿರೋಧ ಇರಲಿಲ್ಲ, ಅಷ್ಟೆ. ಜಯಕಾರ ಇತ್ತೆಂದು ಯಾರೂ ಹೇಳುವುದಿಲ್ಲ. ಸುಮ್ಮನಿದ್ದವರನ್ನೆಲ್ಲ ಕೂಗಿದವರ ಲೆಕ್ಕಕ್ಕೆ ಹಾಕದ ಈ ಕನ್ನಡ ಪದದ ಪ್ರಾಮಾಣಿಕತೆ ನನಗೆ ಹೆಚ್ಚು ಇಷ್ಟ. ನಿಜವಾದ ಜಯಕಾರ ಬೇಕೆಂದರೆ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡ ಹತ್ತಬೇಕು. ಅಲ್ಲಿ ಎದ್ದು ಬರುವ ‘ಉಧೋ ಉಧೋ’ಗೆ ಕ್ರಿಯಾಪದವೇ ಇಲ್ಲ, ‘ಎಂದು’ ಇಲ್ಲ, ‘ಎಂದೇ ಖ್ಯಾತ’ ಇಲ್ಲ. ಕೂಗಿದವರು ಎದುರಿಗೇ ಇದ್ದಾರೆ, ಬೆವರು ಒರೆಸಿಕೊಳ್ಳುತ್ತಿದ್ದಾರೆ.

ಹೆರಾಲ್ಡ್‌ಗೆ ಕನ್ನಡದಲ್ಲಿ ಏನು ಹೇಳಬೇಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಕೊಡುವುದು ‘ನಾಂದಿ ಹಾಡು’. ನಾಟಕ ಶುರುವಾಗುವ ಮುಂಚೆ ತೆರೆಯ ಮುಂದೆಯೋ ಹಿಂದೆಯೋ ನಿಂತು ಹಾಡುವ ನಾಂದಿ ಈ ಊರಿಗೆ ಪುಸ್ತಕದ ಪದವಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ, ಮುಂದೆ ಚಿಂದೋಡಿ ಲೀಲಾ ಅವರಿಂದ ನಾಡಿಗೆಲ್ಲ ಪರಿಚಯವಾದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಇಲ್ಲಿ ನಾಂದಿ ಕೇಳಿಯೇ ಜನ ಚಾಪೆ ಸರಿಪಡಿಸಿಕೊಳ್ಳುತ್ತಿದ್ದರು. ನಾಂದಿ ಹಾಡಿದ ಮೇಲೆ ನಾಟಕ ಆಡಲೇಬೇಕು, ಟಿಕೆಟ್ ಕೊಂಡವರು ಎದುರಿಗಿದ್ದಾರೆ. ‘ಹೊಸ ಯುಗಕ್ಕೆ ನಾಂದಿ ಹಾಡಿದ ಯೋಜನೆ’ ಎಂದು ಬರೆಯುವವರು ಆ ಪದದ ಈ ಸಾಲವನ್ನು ನೆನಪಿಡುವುದು ಒಳ್ಳೆಯದು. ಇನ್ನೊಂದು ಬಗೆಯ ಮುಂಗಾಣ್ಕೆ ಮೈಲಾರದ ಕಾರಣಿಕ. ಗೊರವಯ್ಯ ಬಿಲ್ಲನೇರಿ ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ ಒಂದೇ ಮಾತು ನುಡಿಯುತ್ತಾನೆ. ಕ್ರಿಯಾಪದ ‘ನುಡಿ’, ಅದಕ್ಕಿಂತ ಹೆಚ್ಚಿನದಲ್ಲ. ಅದರ ಅರ್ಥ ಮಳೆಯೋ ಬೆಳೆಯೋ ರಾಜಕೀಯವೋ ಎಂದು ಬಿಡಿಸುವುದು ಕೇಳಿದವರ ಕೆಲಸ. ಪತ್ರಿಕೆ ಇದನ್ನು ‘ಭವಿಷ್ಯ ಘೋಷಣೆ’ ಎಂದು ಬರೆದರೆ ನುಡಿದವನು ಹೊರದ ಭಾರವನ್ನು ಅವನ ಮೇಲೆ ಹೊರಿಸಿದಂತೆ.

ಕನ್ನಡಕ್ಕೆ ಇನ್ನೊಂದು ಸೂಕ್ಷ್ಮ ಸ್ವತ್ತಿದೆ, ‘ಅಂತೆ’. ‘ನೀರು ಬಿಡ್ತಾರಂತೆ’ ಎಂದರೆ ನಾನು ಕಂಡದ್ದಲ್ಲ, ಕೇಳಿದ್ದು ಎಂದು ವಾಕ್ಯದ ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಇಡೀ ಪದವನ್ನೋ ಉಪವಾಕ್ಯವನ್ನೋ ತರಬೇಕು. ಬರವಣಿಗೆಗೆ ಇದು ಗೌರವದ್ದಲ್ಲ ಎಂದು ‘ಅಂತೆ’ಯನ್ನು ಹೊರಗಿಟ್ಟೆವು. ಅದರ ಜಾಗಕ್ಕೆ ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಬಂದು ಕುಳಿತವು. ಅಂತೆಯಲ್ಲಿ ಕೇಳಿದವನು ಇದ್ದಾನೆ, ತನ್ನ ಮಿತಿ ಒಪ್ಪಿಕೊಳ್ಳುತ್ತಾನೆ. ‘ಎನ್ನಲಾಗಿದೆ’ಯಲ್ಲಿ ಯಾರೂ ಇಲ್ಲ. ಪತ್ರಿಕೋದ್ಯಮದಲ್ಲಿರುವ ಗೆಳೆಯರು ಇದಕ್ಕೆ ಆಕ್ಷೇಪ ಎತ್ತುತ್ತಾರೆ: ಸುದ್ದಿಮೂಲವನ್ನು ಕಾಪಾಡಬೇಕು, ಮಾನನಷ್ಟದ ಕೇಸು ಬೀಳಬಾರದು, ಕರ್ಮಣಿ ಬೇಕೇ ಬೇಕು. ಅಪರಾಧದ ಸುದ್ದಿಗೆ, ಜೀವಕ್ಕೆ ಅಪಾಯವಿರುವ ಮೂಲಕ್ಕೆ ಇದನ್ನು ಒಪ್ಪುತ್ತೇನೆ. ಹಳಗನ್ನಡದಲ್ಲೂ ಕರ್ಮಣಿ ಇತ್ತು, ಅದನ್ನು ಭಾಷೆಯಿಂದ ಅಟ್ಟಿ ಎಂದು ಹೇಳುವಷ್ಟು ಅಜ್ಞಾನಿ ನಾನಲ್ಲ. ಆದರೆ ಹೊಗಳಿಕೆಗೆ ರಕ್ಷಣೆ ಯಾಕೆ ಬೇಕು? ‘ಬಡವರ ಬಂಧು ಎಂದೇ ಹೆಸರಾದ’ ಎಂಬಲ್ಲಿ ಹೆಸರಿಟ್ಟ ಬಡವನನ್ನು ಮುಚ್ಚಿಡಲು ಯಾವ ಕಾನೂನೂ ಹೇಳಿಲ್ಲ. ಅವನು ಇದ್ದರೆ ಅವನ ಮಾತನ್ನೇ ಬರೆಯಬಹುದು. ಇಲ್ಲದಿದ್ದರೆ ಆ ಬಿರುದು ಬರೆದವನ ಸ್ವಂತದ್ದು.

ಈ ದೃಷ್ಟಿಯಿಂದ ನೋಡಿದಾಗ, ಎಲ್ಲರೂ ಬೈಯುವ ಫ್ಲೆಕ್ಸ್ ಬೋರ್ಡಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಪಿ.ಬಿ. ರಸ್ತೆಯುದ್ದಕ್ಕೂ ಅವು ಮರ ಮುಚ್ಚುತ್ತವೆ, ಪ್ಲಾಸ್ಟಿಕ್ ಕಸವಾಗುತ್ತವೆ, ಅವು ಹೋಗಲೇಬೇಕು. ಆದರೂ ಅವುಗಳ ಕೆಳಗೆ ‘ಶುಭ ಕೋರುವವರು’ ಎಂದು ಬರೆದು ಸಾಲಾಗಿ ಫೋಟೊ, ಹೆಸರು ಹಾಕಿರುತ್ತಾರೆ. ಮೇಲಿನ ಬಿರುದುಗಳನ್ನು ಕೊಟ್ಟವರು ತಾವೇ ಎಂದು ಒಪ್ಪಿಕೊಂಡು ನಿಂತಿರುತ್ತಾರೆ. ಅಷ್ಟರ ಮಟ್ಟಿಗೆ ಆ ಬೋರ್ಡು ಹರಿಹರದ ಕಲ್ಲಿಗೆ ನೆಂಟ. ನಮ್ಮ ಸುಸಂಸ್ಕೃತ ಗದ್ಯದ ‘ಎಂದೇ ಕರೆಯಲ್ಪಡುವ’ ಎಂಬುದಕ್ಕೆ ಆ ನೆಂಟಸ್ತಿಕೆಯೂ ಇಲ್ಲ.

ಆ ಹುಡುಗಿಗೆ ನಾನು ವಾಕ್ಯ ಹೊಡೆದುಹಾಕಿ ಬೇರೆಯದನ್ನು ಬರೆದುಕೊಡಲಿಲ್ಲ. ಅಜ್ಜನನ್ನು ಕೇಳಿಕೊಂಡು ಬಾ ಎಂದೆ. ಮರುದಿನ ಅವಳು ಬರೆದು ತಂದದ್ದು ಹೀಗಿತ್ತು: ‘ನಮ್ಮ ಅಜ್ಜ ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸ ಮಾಡಿದರು. ಆಗ ಊರಿನಲ್ಲಿ ತುಂಬ ಮಿಲ್ಲುಗಳಿದ್ದವು. ಹೊರಗಿನಿಂದ ಬಂದವರು ಇದನ್ನು ಮ್ಯಾಂಚೆಸ್ಟರ್ ಅನ್ನುತ್ತಿದ್ದರು ಎಂದು ಅಜ್ಜ ಹೇಳುತ್ತಾರೆ. ಈಗ ಆ ಮಿಲ್ಲು ಇಲ್ಲ.’ ನಾಲ್ಕೂ ವಾಕ್ಯಗಳಲ್ಲಿ ಯಾರ ಮಾತು ಯಾವುದು ಎಂಬುದು ಸ್ಪಷ್ಟವಾಗಿದೆ. ಸಂಚಿಕೆಗೆ ಅದನ್ನು ಹಾಗೇ ಕಳಿಸಿದೆ. ಕನ್ನಡ ಪಾಠ ಮಾಡುವ, ಪತ್ರಿಕೆಗಳಲ್ಲಿ ಕರಡು ತಿದ್ದುವ ಎಲ್ಲರಲ್ಲೂ ನನ್ನ ಕೋರಿಕೆ ಇದೊಂದೇ: ‘ಎಂದೇ ಖ್ಯಾತ’ ಕಂಡಲ್ಲಿ ಬರೆದವರನ್ನು ಕರೆದು, ಅಂದವರು ಯಾರೆಂದು ಒಮ್ಮೆ ಕೇಳಿ.